ಡಿಕ್ಕಿ ಹಾಕ್ದ್ಯಾ?

ನಮ್ಮಪ್ಪನಿಗೆ ತೆರೆದ ಬಾಗಿಲು ಕಂಡರೆ ಆಗುವುದಿಲ್ಲ. ಮನೆಯದಿರಲಿ, ಬೀರುವಿನದಿರಲಿ, ಕಾರಿನದಿರಲಿ, ಒಂದೇ ಪ್ರಶ್ನೆ: "ಹಾಕ್ದ್ಯಾ?" ಮುಖಕ್ಕೆ ಆಕ್ಸಿಜನ್ ಮಾಸ್ಕ್ ಬಂದು ಹಾಸಿಗೆ ಹಿಡಿದ ಮೇಲೂ ಆ ಚಾಳಿ ಹೋಗಲಿಲ್ಲ.

ಆವತ್ತು ಮಧ್ಯಾಹ್ನ ಅಣ್ಣ ಹೊಸದಾಗಿ ತುಂಬಿಸಿದ ಸಿಲಿಂಡರ್ ತಂದ. ಕಾರಿನ ಡಿಕ್ಕಿ ತೆರೆದು, ಮೊದಲು ತರಕಾರಿ ಚೀಲ ಎತ್ತಿಕೊಂಡ. ಒಳಗಿಂದ ಅಪ್ಪ ಕೇಳಿದರು, "ಡಿಕ್ಕಿ ಹಾಕ್ದ್ಯಾ?" ತಲೆ ನರೆತ ಮಗ, ಆದರೂ ಕೈ ತಾನಾಗಿ ಬಾಗಿಲು ಬಡಿಯಿತು. ಸಿಲಿಂಡರ್ ಒಳಗೇ ಉಳಿಯಿತು. ಮತ್ತೆ ಬಟನ್ ಒತ್ತಿದರೆ ಬೀಗ ಉಸಿರೆತ್ತಲಿಲ್ಲ.

ಹಳೇ ಕಾರು, ಕರೆಂಟಿನ ಬೀಗ. ಕೀಲಿ ಹಾಕಲು ತೂತೇ ಇಲ್ಲ. ಹಿಂದಿನ ಗಾಜು ಒಡೆದಾಗ ಅಣ್ಣ ಅಲ್ಲಿಗೆ ತಗಡು ವೆಲ್ಡ್ ಮಾಡಿದ್ದ. ಸಾಮಾನು ಮುಂದಕ್ಕೆ ಉರುಳುತ್ತದೆಂದು ಸೀಟಿನ ಹಿಂದೆ ಜಾಲರಿಯನ್ನೂ ವೆಲ್ಡ್ ಮಾಡಿದ್ದ. ಅಣ್ಣನಂಥ ವೆಲ್ಡಿಂಗ್ ಅಂಗಡಿಯವನ ಕೈಗೆ ಕಾರು ಸಿಕ್ಕರೆ ಮಂಗನ ಕೈಗೆ ಮಾಣಿಕ್ಯ ಸಿಕ್ಕಂತೆ.

"ಮುಳ್ಳು ಕೆಂಪಿಗೆ ಬಂತು ಕಣ್ರೋ!" ಒಳಗೆ ಹಳೇ ಸಿಲಿಂಡರಿನ ಮೀಟರ್ ನೋಡುತ್ತಾ ಕೂತಿದ್ದ ಅಮ್ಮ ಕೂಗಿದಳು. ಆಂಬುಲೆನ್ಸಿಗೆ ಫೋನ್ ಮಾಡಿಯಾಗಿತ್ತು, ಅದರ ಸುಳಿವೇ ಇರಲಿಲ್ಲ.

ಅಣ್ಣ ಫ್ಯೂಸ್ ಕಿತ್ತು ನೋಡಿದ, ಸರಿಯಾಗಿತ್ತು. ಓಡಿಹೋಗಿ ಕಬ್ಬಿಣ ಕೊಯ್ಯುವ ಗ್ರೈಂಡರ್ ತಂದ. "ತಗಡು ಕತ್ತರಿಸೇ ಬಿಡ್ತೀನಿ."

"ತಲೆ ಕೆಟ್ಟಿದ್ಯಾ? ಒಳಗಿರೋದು ಆಕ್ಸಿಜನ್! ಒಂದು ಕಿಡಿ ಸಾಕು!" ಎಂದು ನಾನು ತಡೆದೆ.

ಅಣ್ಣ ಗ್ರೈಂಡರ್ ಕೆಳಗಿಟ್ಟ. "ಫ್ಯೂಸ್ ಸರಿಯಿದೆ ಅಂದ್ರೆ ಬೀಗದ ತಂತಿನೇ ತುಂಡಾಗಿರ್ಬೇಕು. ಡಿಕ್ಕಿ ಬಾಗಿಲಿನ ಮೇಲ್ಗಡೆ ರಬ್ಬರ್ ಪೈಪ್ ಇದೆಯಲ್ಲ, ಅದರೊಳಗೆ. ತೆಗೆದು ಹಾಕಿ ಮಾಡಿ ಸವೆದಿರತ್ತೆ. ನನ್ನ ಕೈ ಜಾಲರೀಲಿ ತೂರಲ್ಲ ಕಣೇ."

ನನ್ನದು ತೂರಿತು, ಚರ್ಮ ತರಚಿಕೊಂಡು. ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಎರಡು ಕಿಂಡಿಗಳಲ್ಲಿ ಎರಡೂ ಕೈ ಚಾಚಿ ರಬ್ಬರ್ ಎಳೆದೆ. ಕಾರು ಚಿಕ್ಕದಾದದ್ದು ಪುಣ್ಯ. ತಗಡಿನಿಂದಾಗಿ ಒಳಗೆ ಕಗ್ಗತ್ತಲು. ಅಣ್ಣನನ್ನು ಮನಸಾರೆ ಬೈಯುತ್ತಾ ತಡಕಾಡಿದೆ. ತುಂಡಾದ ತಂತಿಯ ಒಂದು ತುದಿ ಬೆರಳಿಗೆ ಚುಚ್ಚಿತು. ಇನ್ನೊಂದು ತುದಿ ಸಿಗಲೊಲ್ಲದು.

"ಉಸಿರಿಗೆ ಒದ್ದಾಡ್ತಿದಾರೆ," ಎಂದಳು ಬಾಗಿಲಿಗೆ ಬಂದ ಅಮ್ಮ. ಈ ಸಲ ಕೂಗಲಿಲ್ಲ. ನಾನು ತೋಳನ್ನು ಇನ್ನೂ ಒಳಕ್ಕೆ ತುರುಕಿದೆ.

ಸಿಕ್ಕಿತು. "ಬಟನ್ ಒತ್ತು!"

ಏನೂ ಆಗಲಿಲ್ಲ.

"ಸರಿಯಾಗಿ ತಾಗಿಸೇ!"

ತುದಿಗೆ ತುದಿ ಸೇರಿಸಿ ತಿರುಚಿದೆ. "ಈಗ ಒತ್ತೋ!"

ಟಕ್ ಎಂದಿತು. ಒಳಗೆ ಬೆಳಕು ಬಿತ್ತು.

ಅಣ್ಣ ಸಿಲಿಂಡರ್ ಹೆಗಲಿಗೇರಿಸಿ ಓಡಿದ. ನಾನು ಮಾತ್ರ ತಂತಿ ಬಿಡಲಿಲ್ಲ. ಬಿಟ್ಟರೆ ಮತ್ತೆ ಬೀಗ ಬಿದ್ದೀತೆಂಬ ದಡ್ಡ ಭಯ. "ಬಾರೇ, ಉಸಿರಾಡ್ತಿದಾರೆ" ಎಂದು ಅಮ್ಮ ಕರೆದಾಗಲೇ ಕೈ ಸಡಿಲವಾಯಿತು.

ಒಳಗೆ ಹೋದಾಗ ಅಪ್ಪನ ತುಟಿಯ ನೀಲಿ ಇಳಿಯುತ್ತಿತ್ತು. ಕಣ್ಣು ಬಿಟ್ಟು ಅಣ್ಣನನ್ನು ಹುಡುಕಿದರು. ಮಾಸ್ಕಿನೊಳಗಿಂದ ಸಣ್ಣ ದನಿ ಬಂತು.

"ಡಿಕ್ಕಿ ಹಾಕ್ದ್ಯಾ?"

"ಇಲ್ಲಪ್ಪ," ಎಂದ ಅಣ್ಣ. ಆ ಪ್ರಶ್ನೆಗೆ ಅವನು ಇಲ್ಲ ಎಂದದ್ದು ಅದೇ ಮೊದಲು. ಆಮೇಲೆ ಅಪ್ಪನ ಕಾಲ ಬಳಿ ಕುಸಿದು ಕೂತು, ಮಗುವಿನ ಹಾಗೆ ಗೊಳೋ ಎಂದು ಅತ್ತ.