ಇಪ್ಪತ್ತಾರು ಪಂಪುಗಳ ವಿಳಾಸ

ಸಾಹೇಬರು ಬಗ್ಗಿ ಹೂವಿನ ಹಾರ ಇಡುತ್ತಿದ್ದರು, ಕಣ್ಣು ಮಾತ್ರ ಗೋಡೆಯ ಕಪಾಟಿನ ಮೇಲಿತ್ತು. ಆಕೆ ಅದನ್ನು ಗಮನಿಸಿದಳು. ಗಂಡ ತೀರಿಕೊಂಡದ್ದು ನಿನ್ನೆ ಸಂಜೆ. ಅತ್ತು ಅತ್ತು ಕಣ್ಣು ಊದಿತ್ತು, ಆದರೆ ಊದಿದ ಕಣ್ಣಿಗೂ ಕಾಣುವುದು ಕಾಣುತ್ತದೆ. ಇಪ್ಪತ್ತು ವರ್ಷ ಗಂಡನಿಗೆ ಮೇಲಧಿಕಾರಿಯಾಗಿದ್ದು, ಒಂದು ದಿನವೂ ಈ ಮನೆಯ ಹೊಸ್ತಿಲು ತುಳಿಯದ ಮನುಷ್ಯ ಇವತ್ತು ನೆಂಟರಿಗಿಂತ ಮೊದಲೇ ಬಂದಿದ್ದಾನೆಂದರೆ ಏನೋ ಇದೆ.

"ಅಮ್ಮಾ," ಸಾಹೇಬರು ಪಕ್ಕಕ್ಕೆ ಬಂದು ದನಿ ತಗ್ಗಿಸಿದರು, "ಈ ಹೊತ್ತಲ್ಲಿ ಕೇಳಬಾರ್ದು. ಕಚೇರಿದು ಒಂದು ನೋಟ್‌ಬುಕ್ ಅವರ ಹತ್ರ ಇರ್ಬೇಕು. ಹಳೇದು. ಅಂಥಾ ಮುಖ್ಯದ್ದೇನಲ್ಲ."

"ಮುಖ್ಯದ್ದಲ್ಲದಿದ್ರೆ ನಾಳೆ ನೋಡೋಣ ಬಿಡಿ."

"ಇವತ್ತೇ ಸಿಕ್ಕಿದ್ರೆ..."

"ಇವತ್ತು ಅವರನ್ನ ಕಳಿಸಿಕೊಡ್ಬೇಕಿದೆ."

ಸಾಹೇಬರ ಜೇಬಿನಲ್ಲಿ ಫೋನು ಒಂದೇ ಸಮ ನಡುಗುತ್ತಿತ್ತು. ಅವರು ಹಿತ್ತಲಿಗೆ ಹೋದದ್ದೇ ತಡ, ಆಕೆ ಕಪಾಟು ತೆರೆದು ನೀಲಿ ರಟ್ಟಿನ ಪುಸ್ತಕವನ್ನು ಎಳೆದು ಶಾಲಿನೊಳಗೆ ಸೇರಿಸಿಕೊಂಡಳು. ಕೊಡಬಾರದು ಎಂದು ಮಾತ್ರ ಗೊತ್ತಿತ್ತು. ಯಾಕೆ ಎಂದು ಕೇಳಿದ್ದರೆ ಆಕೆಗೇ ಹೇಳಲು ಬರುತ್ತಿರಲಿಲ್ಲ.

*

ಗಂಡ ಊರಿನ ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರ್ ಜಾಲ ನೋಡಿಕೊಳ್ಳುತ್ತಿದ್ದ. ಯಾವ ತೊಟ್ಟಿಯಲ್ಲಿ ಎಷ್ಟು ನೀರಿದೆ, ಯಾವ ಪಂಪು ಓಡುತ್ತಿದೆ ಎಂದು ಕಚೇರಿಯ ಪರದೆಗೆ ಗೊತ್ತಾಗಬೇಕಾದರೆ ಒಂದೊಂದು ಪಂಪಿಗೂ ಮನೆ ನಂಬರಿನಂತೆ ಒಂದು ವಿಳಾಸ ಬೇಕು. ಹಳೆಯ ವಿಳಾಸಗಳು ಮುಗಿಯುತ್ತ ಬಂದಿವೆ, ಹೊಸ ಬಗೆಯ ಉದ್ದನೆಯ ವಿಳಾಸ ಬಂದಿದೆ, ಬರೋ ವರ್ಷ ಎಲ್ಲವೂ ಅದಕ್ಕೇ ಹೋಗುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಆತ ಹೇಳಿದ. ಮರುವರ್ಷವೂ ಹೇಳಿದ. ಹೇಳಿ ಹೇಳಿ ಕಚೇರಿಯಲ್ಲಿ ಅವನಿಗೆ 'ಬರೋವರ್ಷ' ಎಂದೇ ಹೆಸರು ಬಿತ್ತು. "ಏನ್ರೀ ಬರೋವರ್ಷ, ಈ ವರ್ಷ ಹೇಗೆ?" ಎಂದು ಜವಾನನೂ ಕಾಲೆಳೆಯುತ್ತಿದ್ದ. ವರ್ಷಕ್ಕೊಂದು ಅರ್ಜಿ ಆತ ಕೊಡುವುದು, "ಹಳೇದು ನಡೀತಿದೆಯಲ್ಲ, ಸುಮ್ನೆ ಯಾಕೆ ಕೈ ಹಾಕ್ತೀರಿ" ಎಂದು ಸಾಹೇಬರು ಅದನ್ನು ಮೂಲೆಗೆ ತಳ್ಳುವುದು.

ಆಮೇಲೆ ಆತ ಕೇಳುವುದನ್ನೇ ಬಿಟ್ಟ. ರಜೆಯ ದಿನವೂ ಹೆಗಲಿಗೆ ಚೀಲ ಹಾಕಿಕೊಂಡು ಹೊರಡತೊಡಗಿದ. ಎಲ್ಲಿಗೆಂದರೆ ಪಂಪ್‌ಹೌಸಿಗೆ. ರಜಾದಿನ ಪಂಪ್‌ಹೌಸಿನಲ್ಲಿ ಇವರಿಗಾಗಿ ಯಾರು ಕಾದಿರುತ್ತಾರೆ ಎಂದು ಆಕೆಗೆ ಅನುಮಾನ ಬಂದದ್ದೂ ಉಂಟು, ಅಂಗಿ ಮೂಸಿ ನೋಡಿದ್ದೂ ಉಂಟು. ಗ್ರೀಸಿನ ವಾಸನೆ ಬಿಟ್ಟರೆ ಏನೂ ಸಿಗಲಿಲ್ಲ. ಬಂದವನು ಟೀ ಕುಡಿಯುತ್ತ ನೀಲಿ ಪುಸ್ತಕವನ್ನು ಅವಳ ಕೈಗೆ ಕೊಟ್ಟು, ತನ್ನ ಚೀಟಿಯಿಂದ ಒಂದೊಂದೇ ಅಂಕೆ, ಒಂದೊಂದೇ ಅಕ್ಷರ ಓದುತ್ತಿದ್ದ. ಅವಳು ತಾಳೆ ನೋಡಬೇಕು. "ಒಂದಕ್ಷರ ತಪ್ಪಿದ್ರೂ ಪಂಪು ಕಳೆದುಹೋದ ಹಾಗೆ ಕಣೇ," ಎನ್ನುತ್ತಿದ್ದ. ಕೆಲಸವಿಲ್ಲದ ಕೆಲಸ ಎಂದು ಗೊಣಗುತ್ತಲೇ ಆಕೆ ತಪ್ಪು ಹಿಡಿಯುತ್ತಿದ್ದಳು. ಹಿಡಿಯುವುದರಲ್ಲಿ ಗಂಡನಿಗಿಂತ ಒಂದು ಕೈ ಮೇಲೆಯೇ ಇದ್ದಳು.

*

ನಾದಿನಿ ಅಡುಗೆಮನೆಗೆ ಬಂದವಳೇ ಬಾಗಿಲು ಮುಂದೆ ಮಾಡಿದಳು.

"ಅತ್ತಿಗೆ, ಆ ಮನುಷ್ಯ ಹಿತ್ತಲಲ್ಲಿ ನಿಂತು ಫೋನಲ್ಲಿ ಏನಂದ ಗೊತ್ತಾ? 'ಬರೋವರ್ಷ ಏನೋ ಕೆಡಿಸಿಟ್ಟು ಸತ್ತಿದ್ದಾನೆ ಅಂತ ಮೇಲಿನವರಿಗೆ ಹೇಳು' ಅಂದ. ಅಣ್ಣ ಏನಾದ್ರೂ..."

"ನಿಮ್ಮಣ್ಣನಾ? ಪಕ್ಕದ ಮನೆ ನಲ್ಲಿ ತೊಟ್ಟಿಕ್ಕಿದ್ರೂ ಎದ್ದು ಹೋಗಿ ತಿರುಗಿಸಿ ಬರೋರು."

ಹಾಗೆಂದಳೇ ಹೊರತು ಅನುಮಾನ ಹೋಗಲಿಲ್ಲ. ನಿಜವಾಗಿಯೂ ಏನಾದರೂ ಮಾಡಿಟ್ಟಿದ್ದರೆ? ಪುಸ್ತಕದಲ್ಲಿರುವುದು ಅವರದೇ ಕೈಬರಹ. ಇದ್ದಷ್ಟು ದಿನ ನಗೆಪಾಟಲಾದವರು, ಹೋದ ಮರುದಿನವೇ ತಪ್ಪಿತಸ್ಥರೂ ಆಗಬೇಕೆ? ಆಕೆ ನೇರ ಹಿತ್ತಲಿಗೆ ನಡೆದಳು.

"ಏನು ಕೆಡಿಸಿದ್ರು ಅವರು? ನನ್ನ ಮುಂದೆ ಹೇಳಿ."

ಸಾಹೇಬರು ಫೋನು ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಶಾಲಿನ ಸಂದಿಯಲ್ಲಿ ನೀಲಿ ರಟ್ಟು ಕಾಣಿಸಿತು. ಅವರ ಕೈ ತಾನಾಗಿ ಮುಂದೆ ಬಂತು. ಆಕೆ ಹಿಂದೆ ಸರಿದಳು.

"ಮೊದ್ಲು ಹೇಳಿ. ಆಮೇಲೆ ಪುಸ್ತಕದ ಮಾತು."

ಸಾಹೇಬರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. "ಬೆಳಿಗ್ಗೆ ಸುದ್ದಿ ಗೊತ್ತಾದ ಕೂಡ್ಲೇ, ಅವರು ಕಚೇರಿಲಿ ಕೂರಿಸಿದ್ದ ಹೊಸ ವಿಳಾಸದ ಪೆಟ್ಟಿಗೇಲಿದ್ದದ್ದನ್ನ ಅಳಿಸಿ, ಅದನ್ನ ಆರಿಸೋಕೆ ಹೇಳ್ದೆ. ಆಟಕ್ಕೆ ಇಟ್ಕೊಂಡಿದ್ದಾರೆ ಅನ್ಕೊಂಡಿದ್ದೆ. ನಾಳೆ ಅವರ ಜಾಗಕ್ಕೆ ಬರೋರು ನೋಡಿ, ಅಪ್ಪಣೆ ಇಲ್ದೆ ಇದ್ಯಾಕೆ ಅಂತ ನನ್ನನ್ನೇ ಕೇಳ್ತಾರಲ್ಲ." ಒಮ್ಮೆ ಪುಸ್ತಕದತ್ತ ನೋಡಿದರು. "ಆರಿಸಿದ್ರೆ ಇಪ್ಪತ್ತಾರು ಪಂಪೂ ಪರದೆಯಿಂದ ಮಾಯ. ಹಳೇ ವಿಳಾಸದಲ್ಲಿ ಒಂದೂ ಉಳಿದಿಲ್ಲಮ್ಮ. ಯಂತ್ರ ರಿಪೇರಿಗೆ ಬಂದಾಗೆಲ್ಲ ಒಂದೊಂದಾಗಿ ಹೊಸದಕ್ಕೆ ಹಾಕಿಬಿಟ್ಟಿದ್ದಾರೆ. ಆರು ವರ್ಷದಿಂದ ಊರಿಗೆ ನೀರು ಬರ್ತಿರೋದೇ ಅದರಲ್ಲಿ."

"ನೀವು?"

"ನಾನು ವರ್ಷಾ ವರ್ಷಾ ವರದಿ ಬರೀತಿದ್ದೆ. ಹಳೇದು ಒಂದು ದಿನವೂ ಕೈಕೊಟ್ಟಿಲ್ಲ ಅಂತ."

ಆಕೆಗೆ ನಗು ಬಂತು, ಬೆನ್ನಿಗೇ ಅಳು ಬಂತು. ಬರೋ ವರ್ಷ ಯಾವತ್ತೋ ಬಂದು ಹೋಗಿದೆ, ಕಟ್ಟಿಕೊಂಡವಳಿಗೂ ಒಂದು ಮಾತು ಹೇಳಿಲ್ಲ ಮಹಾರಾಯರು!

"ಆ ಪುಸ್ತಕದ ವಿಳಾಸ ಮತ್ತೆ ತುಂಬಿದ್ರೆ ಪಂಪು ಸಿಗ್ತವೆ," ಎಂದರು ಸಾಹೇಬರು. "ಸಂಜೆಯೊಳಗೆ ಆಗದಿದ್ರೆ ಅರ್ಧ ಊರಿಗೆ ನೀರಿಲ್ಲ. ಕೊಡಿ, ಫೋಟೋ ತೆಗೆದು ಕಳಿಸ್ತೀನಿ."

"ಕೊಡ್ತೀನಿ, ಊರೇನು ಮಾಡಿದೆ ಪಾಪ. ಆದ್ರೆ ಈಗ ಹೇಳಿದ್ರಲ್ಲ, ಅದನ್ನ ಕಾಗದದ ಮೇಲೆ ಬರೆದುಕೊಡಿ. ಮೇಲಿನವರಿಗೆ ಅಂತ ಬರೀರಿ. ನಿಮ್ಮ ಕೈಯಲ್ಲೇ."

"ಈಗಲೇನಾ?"

"ನಾಳೆ ನಿಮಗೆ ಪುಸ್ತಕ ಬೇಕಾಗಿರಲ್ಲ."

ನಾದಿನಿ ಕಾಗದ, ಪೆನ್ನು ತಂದುಕೊಟ್ಟಳು. ಸಾಹೇಬರು ಮೊಣಕಾಲ ಮೇಲಿಟ್ಟುಕೊಂಡು ಬರೆದು, ಬೆವರೊರೆಸಿಕೊಂಡು ಕಾಗದ ಚಾಚಿದರು. ಆಕೆ ತೆಗೆದುಕೊಳ್ಳಲಿಲ್ಲ.

"ಓದಿ."

"ಸಿಬ್ಬಂದಿಯೊಬ್ಬರು ಆರು ವರ್ಷಗಳ ಹಿಂದೆಯೇ..."

"ಯಾವ ಸಿಬ್ಬಂದಿ? ಅವರಿಗೊಂದು ಹೆಸರಿದೆ."

ಹೊರಗೆ ಗಾಡಿಯವನು ಹಾರನ್ ಒತ್ತಿದ. ಒಳಗೆ ಯಾರೋ ಎಲ್ಲರೂ ಬನ್ನಿ, ಹೊತ್ತಾಯಿತು ಎಂದು ಕೂಗಿದರು. ಸಾಹೇಬರು ಬರೆದದ್ದನ್ನು ಹೊಡೆದುಹಾಕಿ ಮೇಲೆ ಹೆಸರು ಬರೆದರು. ಆಕೆ ಕಣ್ಣೊರೆಸಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು, ಗಂಡನ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ತಾಳೆ ನೋಡತೊಡಗಿದಳು.