ಕ್ಲಾಪ್ ಆಗದೆ ಉಳಿದ ಹಲಗೆ

ನಾನು ಒಂದು ಹಲಗೆ. ತೇಗದವನು ಎಂದು ಹೇಳಿಕೊಂಡು ಮೆರೆಯುವ ಆಸೆ ಇದೆ; ಆದರೆ ಗೆದ್ದಲು ಕೂಡ ನಂಬುವುದಿಲ್ಲ. ನಾನು ಬರೀ ಮಾವು. ನನ್ನನ್ನು ಹೆತ್ತದ್ದು ಒಂದು ಅರಮನೆಯ ಬಾಗಿಲು. ಅರಮನೆ ಎಂದರೆ ಮದರಾಸಿನ ಕೋಡಂಬಾಕ್ಕಂ ಕಡೆಯ ಒಂದು ಸ್ಟುಡಿಯೋದಲ್ಲಿ ಹನ್ನೆರಡು ದಿನ ನಿಂತು, ಹದಿಮೂರನೆಯ ದಿನ ಕಳಚಿಕೊಂಡ ಅರಮನೆ. ಯುವರಾಜ ಒದ್ದು ಮುರಿದ ಆ ಬಾಗಿಲನ್ನು ಬಡಗಿ ಮುರುಗೇಶ ಆಚಾರಿ ಎರಡಾಗಿ ಕೊಯ್ದ. ಹೀಗೆ ನಾವು ಅವಳಿಗಳು.

ಇಬ್ಬರಿಗೂ ಒಂದೊಂದು ಮಗ್ಗುಲಿಗೆ ಕರಿಬಣ್ಣ ಬಳಿದ. ಇಬ್ಬರೂ ಶಾಟಿಗೆ ಮೊದಲು ಕ್ಯಾಮೆರಾದ ಮುಂದೆ ಬಾಯಿ ಬಡಿಯುವ ಕ್ಲಾಪ್ ಬೋರ್ಡ್ ಆಗಬೇಕಿತ್ತು. ನನ್ನ ತಮ್ಮ ಅಳತೆಗೆ ಸರಿಯಾಗಿ ಬಂದ. ನಾನು ಅಗಲವಾಗಿಬಿಟ್ಟೆ. ಮೊದಲ ದಿನ ಸಹಾಯಕ ನಿರ್ದೇಶಕ ನನ್ನನ್ನು ಎತ್ತಿ ಹಿಡಿದಾಗ ನಾಯಕನ ಮುಖ, ಅವನ ಕೊರಳ ಹಾರ, ಹಿಂದೆ ನಿಂತಿದ್ದ ಇಬ್ಬರು ಮಂತ್ರಿಗಳು ಎಲ್ಲರೂ ಒಟ್ಟಿಗೇ ಮಾಯವಾದರು.

"ಇದೇನು ಕ್ಲಾಪೋ, ಊಟದ ಮೇಜೋ?" ಎಂದ ನಾಯಕ.

ನನ್ನ ತಾರಾಜೀವನ ಅಲ್ಲಿಗೆ ಮುಗಿಯಿತು. ತಮ್ಮ ಬಾಯಿ ಬಡಿದುಕೊಂಡೇ ಹೆಸರು ಮಾಡಿದ. ನಾನು ಗೋಡೆಗೆ ಒರಗಿ ನಿಂತೆ.

ಅಲ್ಲಿಂದ ನನ್ನನ್ನು ಕಂಕುಳಿಗೆ ಏರಿಸಿಕೊಂಡು ಹೋದವರು ಎಡತೊರೆಯ ಪದ್ಮನಾಭಯ್ಯ. ಸ್ಟುಡಿಯೋದಲ್ಲಿ ಎಲ್ಲರಿಗೂ ಪದ್ದಣ್ಣ. ಕನ್ನಡ ಚಿತ್ರಗಳಿಗೆ ಸಂಭಾಷಣೆ ಬರೆಯುವುದು ಅವರ ಕೆಲಸ. ಲಾಡ್ಜಿನ ಕೋಣೆಯಲ್ಲಿ ಒಂದು ಆರಾಮ ಕುರ್ಚಿ, ಅದರ ಎರಡು ಕೈಗಳ ಮೇಲೆ ಅಡ್ಡಲಾಗಿ ನಾನು, ನನ್ನ ಮೇಲೆ ಕಾಗದ, ಪಕ್ಕದಲ್ಲಿ ಕಾಫಿ ಲೋಟ. ಲೋಟದ ಗುಂಡು ಗುರುತುಗಳು ನನ್ನ ಮೈಮೇಲೆ ಇಂದಿಗೂ ಇವೆ. ಅವು ನನಗೆ ಸಂದ ಪದಕಗಳು.

ಪದ್ದಣ್ಣ ಮೊದಲು ಬರೆಯುತ್ತಿರಲಿಲ್ಲ, ಆಡುತ್ತಿದ್ದರು. ಅತ್ತೆಯ ದನಿ ತೆಗೆದು "ಅಯ್ಯೋ ನಿನ್ನ ಕೈ ಸೇದಿಹೋಗ! ತುಪ್ಪದ ಗಿಂಡಿ ಎಲ್ಲೇ ಬಚ್ಚಿಟ್ಟೆ?" ಎಂದು ಗದರುವರು. ತಕ್ಷಣ ಸೊಸೆಯಾಗಿ ಮೂಗು ಏರಿಸುವರು. ಮಾತು ಬಾಯಲ್ಲಿ ಸಲೀಸಾಗಿ ಹೊರಳಿದ ಮೇಲೆಯೇ ಕಾಗದಕ್ಕೆ ಇಳಿಯುತ್ತಿತ್ತು. ಒಂದು ದಿನ ಲಾಡ್ಜಿನ ಮ್ಯಾನೇಜರು ಓಡಿಬಂದು ಬಾಗಿಲು ಬಡಿದ. "ಸಾರ್, ರೂಮಿನಲ್ಲಿ ಹೆಂಗಸರನ್ನು ಇಟ್ಟುಕೊಳ್ಳುವ ಹಾಗಿಲ್ಲ!" ಪದ್ದಣ್ಣ ಅದೇ ಮ್ಯಾನೇಜರಿನ ದನಿಯಲ್ಲಿ, "ಇಬ್ಬರಿದ್ದಾರೆ ಸಾರ್, ಯಾರನ್ನು ಕಳಿಸಲಿ?" ಎಂದರು. ಆತ ತನ್ನದೇ ದನಿ ಒಳಗಿನಿಂದ ಬಂದದ್ದು ಕೇಳಿ ಮೂರು ದಿನ ಆ ಕಡೆ ಸುಳಿಯಲಿಲ್ಲ.

ಬರೆದುಕೊಟ್ಟರೆ ಕೆಲಸ ಮುಗಿಯುತ್ತಿರಲಿಲ್ಲ. ಆ ಕಾಲದಲ್ಲಿ ಚಿತ್ರದ ಜೊತೆಗೇ ಮಾತೂ ಮುದ್ರಣವಾಗುತ್ತಿತ್ತು. ನಟರು ಮಾತು ಮರೆತರೆ ಪಿಸುದನಿಯಲ್ಲಿ ಎತ್ತಿಕೊಡಲು ಸಂಭಾಷಣೆಕಾರನೇ ಕ್ಯಾಮೆರಾದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಪದ್ದಣ್ಣನಿಗೆ ಇದು ಹಳೆಯ ವಿದ್ಯೆ. ಸಿನಿಮಾಕ್ಕೆ ಬರುವ ಮೊದಲು ಒಂದು ನಾಟಕ ಕಂಪನಿಯಲ್ಲಿ ಪರದೆಯ ಮರೆಯಿಂದ ಮಾತು ಎತ್ತಿಕೊಡುತ್ತಿದ್ದರು. ಆ ಕಂಪನಿಯ ಮುಖ್ಯ ನಟಿ ಶೇವಂತಿಬಾಯಿ, ಗದಗಿನ ಕಡೆಯವಳು. ಹೊಸ ನಾಟಕ ಬಂದಾಗಲೆಲ್ಲ ಆಕೆ, "ನೀ ಓದೋ ಪದ್ದೂ. ನಿನ್ನ ದನಿ ಕೇಳಿದ್ರ ನನಗ ಪಾತ್ರ ಕಣ್ಣಮುಂದ ಬರತೈತಿ" ಎನ್ನುತ್ತಿದ್ದಳಂತೆ. ಮೂರು ಸಲ ಕೇಳಿದರೆ ಇಡೀ ನಾಟಕ ಬಾಯಿಪಾಠ. ಅದು ತನ್ನ ಮೇಲಿನ ಅಕ್ಕರೆ ಎಂದೇ ಪದ್ದಣ್ಣ ನಂಬಿದ್ದರು.

ಕಂಪನಿ ಮುಚ್ಚಿದ ಮೇಲೆ ಶೇವಂತಕ್ಕನನ್ನು ಮದರಾಸಿಗೆ ಕರೆಸಿ ತಾಯಿಯ ಪಾತ್ರ ಕೊಡಿಸಿದವರೂ ಅವರೇ. ನಿರ್ದೇಶಕ ಕೋಟೇಶ್ವರ ನಾಯ್ಡು ಒಪ್ಪಿಕೊಂಡರು. ಮೊದಲ ವಾರ ಸಣ್ಣಪುಟ್ಟ ಮಾತು, ಎಲ್ಲ ಸರಿಹೋಯಿತು. ಎರಡನೆಯ ವಾರ ದೊಡ್ಡ ದೃಶ್ಯ ಬಂತು. ಓದಿ ಅಧಿಕಾರಿಯಾದ ಮಗ ಹಳೆಯ ಮನೆಗೆ ಬಂದು, "ನನಗಾಗಿ ನೀನು ಏನು ಮಾಡಿದ್ದೀಯಮ್ಮ?" ಎಂದು ಕೇಳುತ್ತಾನೆ. ತಾಯಿ ಉತ್ತರ ಹೇಳಬೇಕು. ಒಂದೇ ಶಾಟ್, ಕತ್ತರಿ ಇಲ್ಲ.

ಶೇವಂತಕ್ಕ ಏಳು ಸಲ ತಪ್ಪಿದಳು. ಪದ್ದಣ್ಣ ಕೆಳಗಿನಿಂದ ಎತ್ತಿಕೊಟ್ಟ ಮಾತು ಅವಳಿಗೆ ಮುಟ್ಟಲೇ ಇಲ್ಲ. ಸ್ವಲ್ಪ ಜೋರಾಗಿ ಹೇಳಿದರೆ ಅದೂ ಮುದ್ರಣವಾಯಿತೆಂದು ಮೈಕು ಹಿಡಿದವನು ಕೈ ಎತ್ತುತ್ತಿದ್ದ.

ನಾಯ್ಡು ಟೋಪಿ ತೆಗೆದು ತೊಡೆಗೆ ಬಡಿದರು. "ಏಮಯ್ಯಾ ಪದ್ದಣ್ಣಾ! ಊಟ ಆದಮೇಲೆ ಒಂದು ಟೇಕು. ಒಂದೇ! ಆಗಲಿಲ್ಲಾಂದ್ರೆ ರಾಜಮಂಡ್ರಿಯಿಂದ ಬೇರೆ ತಾಯಿನ ಕರೆಸ್ತೀನಿ."

ನಿಜಜೀವನದಲ್ಲಿ ತಾಯಿಯನ್ನು ಬದಲಾಯಿಸಲು ಬರುವುದಿಲ್ಲ. ಸಿನಿಮಾದಲ್ಲಿ ಒಂದು ತಂತಿ ಕಳಿಸಿದರೆ ಸಾಕು. ಆದರೆ ಶೇವಂತಕ್ಕನಿಗೆ ಈ ಪಾತ್ರ ತಪ್ಪಿದರೆ ಹಿಂದಿರುಗಿ ಹೋಗಲು ಕಂಪನಿ ಇರಲಿಲ್ಲ. ತಪ್ಪಿದ ಸುದ್ದಿ ಹಬ್ಬಿದರೆ ಇನ್ನೊಂದು ಸ್ಟುಡಿಯೋ ಕರೆಯುತ್ತಲೂ ಇರಲಿಲ್ಲ.

ಪದ್ದಣ್ಣ ನನ್ನನ್ನು ಎತ್ತಿಕೊಂಡು ಮೇಕಪ್ ಕೋಣೆಗೆ ನಡೆದರು. ನನ್ನ ಕರಿ ಮಗ್ಗುಲ ಮೇಲೆ ಸೀಮೆಸುಣ್ಣದಿಂದ ದಪ್ಪ ದಪ್ಪ ಅಕ್ಷರದಲ್ಲಿ ಇಡೀ ಮಾತು ಬರೆದರು.

"ಅಕ್ಕಾ, ಇದನ್ನ ಕ್ಯಾಮೆರಾ ಕೆಳಗೆ ಹಿಡ್ಕೊಂಡಿರ್ತೀನಿ. ನೋಡ್ಕೊಂಡು ಓದಿಬಿಡಿ, ಅಷ್ಟೇ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಚಂದ ಅದಾವ ಅಕ್ಷರ" ಎಂದಳು. ಆಮೇಲೆ ಬಾಗಿಲ ಕಡೆ ನೋಡಿ, "ಪದ್ದೂ, ನನಗ ಓದಾಕ ಬರೂದಿಲ್ಲೋ" ಎಂದಳು.

ಪದ್ದಣ್ಣ ಸೀಮೆಸುಣ್ಣ ಕೆಳಗಿಟ್ಟರು.

"ಮತ್ತೆ ಕಂಪನೀಲಿ ಅಷ್ಟು ನಾಟಕ..."

"ಎಲ್ಲಾ ಕಿವೀಲೆ ಕಲತದ್ದು. ಈಗ ಕಿವೀನೂ ಹೋತು. ಎದುರಿಗೆ ಕುಂತ್ರ ನಿನ್ನ ತುಟಿ ನೋಡಿ ತಿಳಕೋತೀನಿ. ಆ ಕತ್ತಲಾಗ ತುಟಿ ಎಲ್ಲಿ ಕಾಣತಾವ? ಯಾರ ಮುಂದೂ ಹೇಳಬ್ಯಾಡ. ಕಿವುಡಿ, ಮ್ಯಾಲೆ ಹೆಬ್ಬೆಟ್ಟು ಅಂದ್ರ ಬಾಗಲಾಗೂ ನಿಂದರಸೂದಿಲ್ಲ ನನ್ನ."

ಪದ್ದಣ್ಣ ಪಂಚೆಯ ಚುಂಗಿನಿಂದ ನನ್ನ ಮೈ ಒರೆಸಿದರು. ಬರೆದದ್ದನ್ನೆಲ್ಲ ಅಳಿಸಿ, ಬದಲಿಗೆ ನಾಲ್ಕು ಚಿತ್ರ ಬಿಡಿಸಿದರು. ಹಂಡೆ, ಕಿವಿಯ ಓಲೆ, ಹಸು, ದೇವರ ಕೋಣೆಯಲ್ಲಿ ಸರಪಳಿಗೆ ತೂಗುಬಿಟ್ಟ ದೀಪ. ತಾಯಿ ಮಗನ ಓದಿಗಾಗಿ ಒಂದೊಂದಾಗಿ ಮಾರಿದ ವಸ್ತುಗಳು ಅವು. ಎದುರಿಗೆ ಕೂತು, ತುಟಿ ತೋರಿಸಿ ಐದು ಸಲ ಹೇಳಿಕೊಟ್ಟರು.

ಬರವಣಿಗೆಯಲ್ಲಿ ಪದ್ದಣ್ಣ ಗಟ್ಟಿಗರು, ನಿಜ. ಚಿತ್ರಕಲೆಯ ಬಗ್ಗೆ ನನ್ನ ಮೈಯೇ ಸಾಕ್ಷಿ: ಹಂಡೆ ಕುಂಬಳಕಾಯಿಯಂತಿತ್ತು, ಹಸು ಮಂಚಕ್ಕೆ ಬಾಲ ಬಂದಂತಿತ್ತು.

ಊಟವಾಯಿತು. ದೀಪಗಳು ಹತ್ತಿದವು. ತಮ್ಮ ಟಪ್ಪೆಂದು ಬಾಯಿ ಬಡಿದು ಪಕ್ಕಕ್ಕೆ ಸರಿದ. ಕ್ಯಾಮೆರಾದ ಕೆಳಗಿನ ಕತ್ತಲಲ್ಲಿ ನಾನು ನಿಂತೆ. ಪದ್ದಣ್ಣ ಎರಡು ಕೈಯಲ್ಲೂ ನನ್ನ ಅಂಚು ಹಿಡಿದಿದ್ದರು.

"ನಿನ್ನ ಓದಿಗೆ ಹಂಡೆ ಮಾರಿದೆ" ಎಂದಳು ಶೇವಂತಕ್ಕ. ಕಣ್ಣು ಒಂದಿಷ್ಟು ಇಳಿದು ನನ್ನನ್ನು ಮುಟ್ಟಿ ಮತ್ತೆ ಮಗನ ಮುಖಕ್ಕೆ ಏರಿತು. "ಹಂಡೆ ಸಾಲದೆ ಓಲೆ ಮಾರಿದೆ. ಓಲೆ ಸಾಲದೆ ಹಸು ಮಾರಿದೆ."

ಮತ್ತೆ ಕಣ್ಣು ಇಳಿಯಿತು. ಈ ಸಲ ಏರಲಿಲ್ಲ. ಎರಡು ಸರಪಳಿ, ಕೆಳಗೊಂದು ತೊಟ್ಟಿ. ಪದ್ದಣ್ಣನ ದೀಪವನ್ನು ಅವಳು ನೋಡುತ್ತಲೇ ಇದ್ದಳು. ನಾಯ್ಡು ಕುರ್ಚಿಯಿಂದ ಅರ್ಧ ಎದ್ದರು.

"ಕೊನೆಗೆ ನಿನ್ನ ತೊಟ್ಟಿಲನ್ನೂ ಮಾರಿದೆ" ಎಂದಳು. "ನೀನು ಮತ್ತೆ ಸಣ್ಣವನಾಗಿ ಬರುವುದಿಲ್ಲ ಅಂತ ಗೊತ್ತಿತ್ತು ಮಗನೇ."

ಪದ್ದಣ್ಣ ಬರೆದದ್ದು ಹಾಗಿರಲಿಲ್ಲ. ದೀಪ ಮಾರಿ ಕತ್ತಲಲ್ಲಿ ಕೂತೆ ಎಂದಿತ್ತು. ಕಟ್ ಎಂದು ಹೇಳುವುದು ಎಲ್ಲರಿಗೂ ಮರೆತುಹೋಯಿತು. ಮೈಕು ಹಿಡಿದವನು ತೋಳಿಗೆ ಮೂಗು ಒರೆಸಿಕೊಂಡ. ನಾಯ್ಡು ಬಂದು ಪದ್ದಣ್ಣನ ಭುಜ ಹಿಡಿದು ಅಲ್ಲಾಡಿಸಿದರು.

"ಎಂಥಾ ಮಾತು ಬರೆದೆಯಯ್ಯಾ! ಕಾಗದದಲ್ಲಿ ದೀಪ ಅಂತಿತ್ತು, ಯಾವಾಗ ಬದಲಾಯಿಸಿದೆ?"

"ಅದು ನಾನಲ್ಲ, ನಾಯ್ಡುಗಾರು, ಅದು..." ಎಂದು ಪದ್ದಣ್ಣ ಬಾಯಿ ತೆರೆದರು. ಹಿಂದೆ ನಿಂತು ನಾಯ್ಡುವಿನ ತುಟಿ ನೋಡುತ್ತಿದ್ದ ಶೇವಂತಕ್ಕ ಪದ್ದಣ್ಣನ ಮಣಿಕಟ್ಟು ಹಿಡಿದಳು. ಬಿಗಿಯಾಗಿ. ಅದು ಅವಳದೇ ಮಾತು ಎಂದು ಹೇಳಿದರೆ, ಬರೆದದ್ದನ್ನು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ನೇರವಾಗಿ ನನ್ನ ಮೈಮೇಲಿನ ಕುಂಬಳಕಾಯಿಗೆ, ಅಲ್ಲಿಂದ ಅವಳ ಓದು ಬಾರದ ಗುಟ್ಟಿಗೆ ಬಂದು ನಿಲ್ಲುತ್ತದೆ.

"...ಅದು ಊಟ ಮಾಡುವಾಗ ಹೊಳೀತು" ಎಂದರು ಪದ್ದಣ್ಣ.

ಆಮೇಲೆ ಮೇಕಪ್ ಕೋಣೆಯಲ್ಲಿ ಕೇಳಿದರು. "ತೊಟ್ಟಿಲು ಎಲ್ಲಿಂದ ಬಂತಕ್ಕಾ? ನಾನು ಬಿಡಿಸಿದ್ದು ದೀಪ."

"ದೀಪ ಏನದು? ನಿನ್ನ ಕೈ ಮುರೀಲಿ!" ಎಂದು ನಕ್ಕಳು. ನಗು ನಿಂತ ಮೇಲೆ ಹೇಳಿದಳು, "ಅಣ್ಣಿಗೇರಿ ಕ್ಯಾಂಪಿನಾಗ ನನ್ನ ಕೂಸಿನ ತೊಟ್ಟಿಲಾ ಮಾರಿದೆ. ಕಂಪನಿ ಮುಂದಿನ ಊರಿಗೆ ಹೊಂಟಿತ್ತು. ಹೊರಾಕ ಭಾರ ಏನ ಇರಲಿಲ್ಲ. ಒಳಗ ಮಲಗೋರು ಇರಲಿಲ್ಲ."



ಮುಂದೆ ಹನ್ನೊಂದು ಚಿತ್ರಗಳಲ್ಲಿ ಶೇವಂತಕ್ಕ ತಾಯಿಯಾದಳು. ಅಷ್ಟಕ್ಕೂ ಕ್ಯಾಮೆರಾದ ಕೆಳಗೆ ನಾನಿದ್ದೆ. ಪದ್ದಣ್ಣನ ಹಸು ಕ್ರಮೇಣ ಹಸುವಾಯಿತು. ಅವಳು ತೀರಿಕೊಂಡದ್ದು ಹುಬ್ಬಳ್ಳಿಯಲ್ಲಿ, ಗುಟ್ಟು ಬಯಲಾಗದೆ, ಕಲಾವಿದೆ ಎಂಬ ಹೆಸರಿನಲ್ಲೇ.

ಚಿತ್ರಗಳ ಕೆಲಸ ಬೆಂಗಳೂರಿಗೆ ಹೋಯಿತು. ಮಾತನ್ನು ಆಮೇಲೆ ಕೂತು ಸೇರಿಸುವ ಪದ್ಧತಿ ಬಂದಾಗ, ಎತ್ತಿಕೊಡುವವರ ಜಾಗ ಖಾಲಿಯಾಯಿತು. ಪದ್ದಣ್ಣ ನನ್ನನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಮೈಸೂರಿನ ಮಗಳ ಮನೆಗೆ ಬಂದರು. ಅರವತ್ತೆರಡು ಚಿತ್ರ ಬರೆದಿದ್ದರು. ಜನ ಕೇಳುತ್ತಿದ್ದದ್ದು ಮಾತ್ರ ಆ ಒಂದು ಮಾತು. ಸನ್ಮಾನದಲ್ಲಿ, ಮದುವೆಮನೆಯಲ್ಲಿ, ಕ್ಷೌರದಂಗಡಿಯಲ್ಲೂ, "ಸಾರ್, ಆ ತೊಟ್ಟಿಲು ಹೇಗೆ ಹೊಳೀತು?"

"ಅದು ನಾನು ಬರೆದದ್ದಲ್ಲ" ಎನ್ನುತ್ತಿದ್ದರು ಪದ್ದಣ್ಣ.

"ನೋಡಿ, ದೊಡ್ಡವರ ವಿನಯ!" ಎಂದು ಜನ ಇನ್ನೊಂದು ಹಾರ ಹಾಕುತ್ತಿದ್ದರು. ಅವರು ನಿಜ ಹೇಳಿದಷ್ಟೂ ಹಾರ ದಪ್ಪವಾಗುತ್ತಿತ್ತು. ಮನೆಗೆ ಬಂದು ಹಾರವನ್ನು ನನ್ನ ಮೇಲೆ ಬಿಸಾಕಿ, "ನೀನೇ ಹಾಕ್ಕೊಳ್ಳಯ್ಯಾ" ಎನ್ನುತ್ತಿದ್ದರು. ಯಾರದೆಂದು ಮಾತ್ರ ಹೇಳಲಿಲ್ಲ; ಹೇಳಬೇಡವೆಂದ ಅವಳ ಮಾತನ್ನು ಅವಳು ಸತ್ತ ಮೇಲೂ ಮೀರಲಿಲ್ಲ.

ಹೋದ ವರ್ಷ ಅವರೂ ಹೋದರು. ಪತ್ರಿಕೆಯಲ್ಲಿ ಅವರ ಫೋಟೋದ ಕೆಳಗೆ ಅದೇ ಮಾತನ್ನು ಅಚ್ಚು ಹಾಕಿದ್ದರು. ಮಗಳು ಜೋರಾಗಿ ಓದಿ ಅತ್ತಳು. ನಾನೀಗ ಹಿತ್ತಿಲಿನಲ್ಲಿ ನೀರಿನ ಡ್ರಮ್ಮಿಗೆ ಮುಚ್ಚಳ. ಮುಚ್ಚಿಡುವ ಕೆಲಸ ನನಗೆ ಹೊಸದಲ್ಲ.

ಆದರೆ ಇಲ್ಲಿ ಕೂತು ಯೋಚಿಸಿದ್ದೇನೆ. ಅವಳು ಹೆದರಿದ್ದು ಓದು ಬಾರದ್ದು ತಿಳಿದೀತೆಂದು. ಬದುಕಿಡೀ ನನ್ನ ಮೇಲೆ ಬರೆದರು, ಅದರಲ್ಲಿ ಒಂದಕ್ಷರವನ್ನೂ ನಾನು ಓದಿದವನಲ್ಲ. ಈ ಕಥೆಯೆಲ್ಲ ಕೇಳಿ ತಿಳಿದದ್ದು, ಅವಳು ನಾಟಕ ಕಲಿತ ಹಾಗೆಯೇ. ಅದರಿಂದ ನನ್ನ ಬೆಲೆ ಕಡಿಮೆಯಾಯಿತೆಂದು ನನಗನ್ನಿಸಿಲ್ಲ, ಅವಳದ್ದೂ ಆಗದು. ಆ ಚಿತ್ರವನ್ನು ನೀವು ಎಲ್ಲಿಯಾದರೂ ನೋಡಿದರೆ, ಶೀರ್ಷಿಕೆಯಲ್ಲಿ ಸಂಭಾಷಣೆ ಎಂದು ಒಂದೇ ಹೆಸರು ಬರುತ್ತದೆ. ಉಳಿದ ಪುಟಗಳಿಗೆಲ್ಲ ಅದು ಸರಿ. ತೊಟ್ಟಿಲಿನ ಮಾತು ಮಾತ್ರ ಗದಗಿನ ಕಡೆಯ ಶೇವಂತಿಬಾಯಿಯದು.