ಕಚ್ಚದ ಇರುವೆ

ಮೆಕ್ಕೆಜೋಳದ ಕಟಾವು ಶುರುವಾಗಿ ಊರಿನ ಪಂಪುಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದವು. ಬೇಸಿಗೆಯಿಡೀ ಸುಟ್ಟ ಮೋಟಾರುಗಳನ್ನು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸುವುದರಲ್ಲೇ ಮುಳುಗಿರುತ್ತಿದ್ದ ವೈಂಡಿಂಗ್ ಯಜಮಾನನಿಗೆ ಈಗ ಬಿಡುವೋ ಬಿಡುವು. ಮಗ ಕಟಾವು ಯಂತ್ರದ ಮೇಲೆ ಹತ್ತಿ ಹೋದವನು ಕತ್ತಲಾದ ಮೇಲೇ ಇಳಿಯುತ್ತಿದ್ದ. ಸೊಸೆ ಅಂಗಳದ ತುಂಬ ಕಾಳು ಹರವಿ, ಮರದ ಕೊಕ್ಕೆಯಿಂದ ಎಳೆಯುತ್ತ ತಿರುವಿಹಾಕುತ್ತಿದ್ದಳು. ಹೊಟ್ಟಿನ ಧೂಳು ಗಾಳಿಯಲ್ಲಿ ತೇಲಿ ಬಂದು ಕಿಟಕಿಯ ಸರಳುಗಳ ಮೇಲೆ ಕೂರುತ್ತಿತ್ತು. ಯಜಮಾನ ಆ ಕಿಟಕಿಯ ಪಕ್ಕ ಬೆಂಚಿಗೆ ಮೊಣಕೈ ಊರಿ, ಅಂಗೈಯಗಲದ ಒಂದು ಕೆಂಪು ಕಾರಿನ ಮೇಲೆ ಬಾಗಿದ್ದ.

ಕಾರು ಬರುವುದು ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ಕಿನ ತುಂಡು ತುಂಡಾಗಿ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿರುವ ಕಾರೇ ತಯಾರು. ಯಜಮಾನನಿಗೆ ಅಷ್ಟು ಸಾಲದು. "ಚಿತ್ರದಲ್ಲಿದ್ದ ಹಾಗೇ ಮಾಡಿದ್ರೆ ಅದು ಅವ್ರ ಕಾರು, ನಂದೇನ್ ಬಂತು?" ಎನ್ನುತ್ತಿದ್ದ. ಒಂದೇ ಅಚ್ಚಿನಲ್ಲಿ ಮುಚ್ಚಿ ಬಂದ ಬಾನೆಟ್ಟನ್ನು ಕೂದಲಿನಷ್ಟು ತೆಳು ಗರಗಸದಿಂದ ಬಿಡಿಸುತ್ತಿದ್ದ. ವೈಂಡಿಂಗಿನ ತಂತಿಯಿಂದ ಅದಕ್ಕೆ ಕೀಲು ಮಾಡುತ್ತಿದ್ದ. ಒಳಗಿನ ಇಂಜಿನ್ನಿಗೆ ಬ್ಯಾಟರಿಯ ವೈರು, ರೇಡಿಯೇಟರಿನ ಪೈಪು ಎಲ್ಲ ಎಳೆಯುತ್ತಿದ್ದ. ಮಗ ಬಾಗಿಲಲ್ಲಿ ನಿಂತು ರೇಗಿಸುವುದಿತ್ತು: "ಅಪ್ಪಾ, ರೆಡಿ ಆದ್ಮೇಲೆ ಹೇಳು, ಹೆಬ್ಬೆರಳು ಕೂರ್ಸಿ ಒಂದ್ ರೌಂಡ್ ಹೋಗ್ಬರೋಣ."

ಈ ಸಲದ ಬಾನೆಟ್ಟು ಮುಚ್ಚಿದಾಗ ಟಕ್ಕೆಂದು ಕೂರಬೇಕೆಂಬ ಹಟ ಅವನಿಗೆ. ಅದಕ್ಕೆಂದೇ ಸಾಸಿವೆಕಾಳಿನಷ್ಟು ಸಣ್ಣ ಅಯಸ್ಕಾಂತಗಳನ್ನು ತರಿಸಿದ್ದ. ಬೆಳ್ಳಗೆ ಹೊಳೆಯುತ್ತಿದ್ದ ಅವು ಬಾನೆಟ್ಟಿನ ಒಳಗೆ ಎದ್ದು ಕಾಣುತ್ತವೆಂದು ಒಂದೊಂದಕ್ಕೂ ಕರಿಬಣ್ಣ ಮುಟ್ಟಿಸಿ, ಕಾಗದದ ಮೇಲೆ ದೂರ ದೂರ ಇಟ್ಟು ಒಣಗಿಸಿದ್ದ.

"ನೋಡಿ ಮಾವ, ನಿಮ್ ಮೊಮ್ಮಗಳ ಕಥೆ!" ಅಂಗಳದಿಂದ ಸೊಸೆ ನಗುತ್ತ ಕೂಗಿದಳು. "ಇರುವೆ ತಿಂದ್ಲಂತೆ!"

"ತಿನ್ನಲಿ ಬಿಡಮ್ಮ, ಈಜು ಬರುತ್ತೆ," ಎಂದ ಯಜಮಾನ, ತಲೆ ಎತ್ತದೆ. ಬಾಯಿಂದ ಆ ಮಾತು ಹೊರಬಿದ್ದದ್ದೇ ತಡ, ಕೈಯಲ್ಲಿದ್ದ ಚಿಮಟ ನಿಂತಿತು.

ಇರುವೆ.

ಆ ಹೆಸರು ಕೊಟ್ಟವನು ಅವನೇ. ಬೆಳಿಗ್ಗೆ ಗುಬ್ಬಿ ಬಾಗಿಲಲ್ಲಿ ಬಂದು ನಿಂತಿದ್ದಳು. ಮೂರು ತುಂಬದ ಕೂಸು, ಗುಬ್ಬಿಯ ಹಾಗೇ ಕುಪ್ಪಳಿಸುವುದರಿಂದ ಮನೆಯವರಿಗೆಲ್ಲ ಗುಬ್ಬಿ. "ಮಾವ, ಆ ಕೋಣೆಯೊಳಕ್ಕೆ ಮಾತ್ರ ಅವಳನ್ನ ಬಿಡ್ಬೇಡಿ, ಬ್ಲೇಡು, ಅಂಟು, ಏನೇನೋ ಇರುತ್ತೆ," ಎಂದು ಸೊಸೆ ಹೇಳಿದ್ದಳು. "ಆಯ್ತಮ್ಮ, ಬಿಡಲ್ಲ," ಎಂದು ಇವನೂ ಮಾತು ಕೊಟ್ಟಿದ್ದ. ಆದರೆ ಬಾಗಿಲಲ್ಲಿ ನಿಂತು, ಒಂದು ಕಾಲನ್ನು ಇನ್ನೊಂದಕ್ಕೆ ಉಜ್ಜುತ್ತ, "ತಾತಾ, ಒಂಚೂರು?" ಎಂದು ಕೇಳುವ ಮಗುವಿಗೆ ಇಲ್ಲವೆನ್ನುವ ಗಂಡಸು ಅವನಾಗಿರಲಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡು, ಕಾಗದದ ಅಡಿಯಲ್ಲಿ ಸ್ಕ್ರೂಡ್ರೈವರ್ ಆಡಿಸಿದ್ದ. ಮೇಲಿನ ಕಪ್ಪು ಚುಕ್ಕೆಗಳು ಸರಸರ ನಡೆದವು. ಹತ್ತಿರ ಬಂದದ್ದೇ ಹಾರಿ ಒಂದನ್ನೊಂದು ಕಚ್ಚಿಕೊಂಡವು. "ನೋಡು, ಇರುವೆ ಸಾಲು ಹೊಂಟಿತು!" ಎಂದಿದ್ದ. ಮಗು ಕೇಕೆ ಹಾಕಿತ್ತು. ಅಷ್ಟರಲ್ಲಿ ಯಾರೋ ಮೋಟಾರು ಕೇಳಿಕೊಂಡು ಬಂದರೆಂದು ಇವನು ಎದ್ದು ಹೊರಗೆ ಹೋಗಿದ್ದ. ಮಗುವನ್ನು ಸ್ಟೂಲಿನ ಮೇಲೆ ಕೂರಿಸಿಯೇ ಹೋಗಿದ್ದ.

ಯಜಮಾನ ಮೆಲ್ಲಗೆ ಕತ್ತು ತಿರುಗಿಸಿ ಕಾಗದ ನೋಡಿದ. ಖಾಲಿ. ಅಯಸ್ಕಾಂತ ಬಂದಿದ್ದ ಡಬ್ಬಿಯ ಮುಚ್ಚಳ ನೋಡಿದ. ಅದೂ ಖಾಲಿ. ಬಿದ್ದಿರಬೇಕು, ಬಿದ್ದೇ ಇರಬೇಕು ಎಂದುಕೊಳ್ಳುತ್ತ ಮಂಡಿಯೂರಿ, ಬೆಂಚಿನಡಿ ಉದ್ದ ಕಬ್ಬಿಣದ ಪಟ್ಟಿಯೊಂದನ್ನು ಗುಡಿಸಿದಂತೆ ಆಡಿಸಿದ. ಕತ್ತರಿಯ ಬಾಯಲ್ಲಿ ಒಂದು ಸಿಕ್ಕಿತು. ಬೆಂಚಿನ ಕಾಲಿಗೆ ಹೊಡೆದ ಮೊಳೆಯ ತಲೆಯಲ್ಲಿ ಇನ್ನೊಂದು. ಉಳಿದವು? ಎಷ್ಟಿದ್ದವೆಂದೇ ಅವನಿಗೆ ಗೊತ್ತಿರಲಿಲ್ಲ. ಚಿಟಿಕೆ ಉಪ್ಪು ಹಾಕುವಾಗ ಹರಳು ಎಣಿಸುವವರು ಯಾರು?

ಕೂಸು ಆಡಿಕೊಂಡೇ ಇದೆ, ಅಳುತ್ತಿಲ್ಲ. ನಾಳೆ ತಾನಾಗಿ ಹೊರಗೆ ಹೋಗುತ್ತದೆ. ಯಾರಿಗೂ ಹೇಳಬೇಕಾಗಿಲ್ಲ ಎಂದು ಒಳಗೊಂದು ದನಿ ಮಾತಾಡಿತು. ಆ ದನಿ ಬಹಳ ಹಿತವಾಗಿತ್ತು. ಅದನ್ನು ನಂಬಬೇಕೆಂದೇ ಯಜಮಾನ ಹಳೆಯ ಬಲೂನಿನ ಒಂದು ಚೂರು ಹುಡುಕಿ, ಕೊಳವೆಯಂತೆ ಸುತ್ತಿ, ಸಿಕ್ಕಿದ್ದ ಎರಡು ಅಯಸ್ಕಾಂತದ ಕಾಳುಗಳನ್ನು ಆಚೆಗೊಂದು ಈಚೆಗೊಂದು ಹಿಡಿದ. ಏನೂ ಆಗಲಿಕ್ಕಿಲ್ಲ ಎಂದುಕೊಂಡಿದ್ದ. ಬೆರಳು ಸಡಿಲಿಸುವುದಕ್ಕೂ ಮೊದಲೇ ಅವು ಜಾರಿ, ರಬ್ಬರನ್ನು ನಡುವೆ ಹಿಡಿದು ಕಚ್ಚಿದವು. ಕೊಳವೆ ಅಲ್ಲಿಗೆ ಮುಚ್ಚಿಹೋಯಿತು. ಜಗ್ಗಿದ. ರಬ್ಬರು ಹರಿಯಿತೇ ಹೊರತು ಕಾಳುಗಳು ಬಿಡಲಿಲ್ಲ.

ಮಗುವಿನ ಕರುಳು ಇದಕ್ಕಿಂತ ದಪ್ಪವೇನಲ್ಲ.

ಅಂಗಳಕ್ಕೆ ಬಂದಾಗ ಗುಬ್ಬಿ ಜೋಳದ ರಾಶಿಯಲ್ಲಿ ಕಾಲು ಹೂತು ಕೂತಿದ್ದಳು. ಯಜಮಾನ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಗುಬ್ಬಿ, ಯಾವ ಇರುವೆ ತಿಂದೆ ಕಂದಾ?"

"ತಾತನ್ ಇರುವೆ."

"ಕಚ್ಚಲಿಲ್ವಾ?"

"ಇಲ್ಲ." ಮಗು ನಾಲಿಗೆ ಚಾಚಿ ತೋರಿಸಿತು. "ಕಚ್ಚಲ್ಲ ಅದು. ತಣ್ಣಗಿತ್ತು."

"ಎಷ್ಟ್ ತಿಂದೆ?"

"ಒಂದು, ಎರಡು, ಐದು, ತುಂಬಾ!"

ಕೊಕ್ಕೆ ಎಳೆಯುವ ಸದ್ದು ನಿಂತಿತ್ತು. ಸೊಸೆ ಇತ್ತಲೇ ನೋಡುತ್ತಿದ್ದಳು. "ಏನ್ ಮಾವ? ಯಾಕ್ ಮುಖ ಹಂಗ್ ಮಾಡ್ಕೊಂಡಿದೀರ?"

ಸುಳ್ಳೊಂದು ನಾಲಿಗೆಯ ತುದಿಯವರೆಗೂ ಬಂದು ನಿಂತಿತು. ಯಜಮಾನ ಅದನ್ನು ನುಂಗಿಕೊಂಡ. "ಅದು ಇರುವೆ ಅಲ್ಲಮ್ಮ," ಎಂದ. "ಮ್ಯಾಗ್ನೆಟ್ಟು. ಕಾರಿಗೆ ತಂದಿದ್ದೆ. ಕರಿಬಣ್ಣ ಹಚ್ಚಿದ್ದೆ. ನಾನೇ ಇರುವೆ ಅಂತ ಆಟ ಆಡ್ಸ್ದೆ."

ಸೊಸೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಸಣ್ಣದು ತಾನೆ? ಹೊರಗ್ ಬರುತ್ತಲ್ವಾ?"

"ಒಂದಾದ್ರೆ ಬರುತ್ತೆ. ಜಾಸ್ತಿ ಇದ್ರೆ ಒಳಗೇ ಒಂದಕ್ಕೊಂದು ಹಿಡ್ಕೊಳ್ತವೆ. ನಡುವೆ ಕರುಳು ಸಿಕ್ಕಿದ್ರೆ…" ಅವನು ಹೆಬ್ಬೆರಳು ತೋರುಬೆರಳನ್ನು ಒತ್ತಿ ತೋರಿಸಿದ.

ಕೊಕ್ಕೆ ನೆಲಕ್ಕೆ ಬಿತ್ತು. ಅವಳು ಕಿರುಚಲಿಲ್ಲ. "ನಾನೇನ್ ಹೇಳಿದ್ದೆ ಮಾವ ನಿಮ್ಗೆ?" ಎಂದಳು ಅಷ್ಟೆ, ಬಹಳ ಸಣ್ಣ ದನಿಯಲ್ಲಿ. ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಸೆರಗಿನಿಂದ ಮುಖ ಒರೆಸುತ್ತಲೇ ರಸ್ತೆಗೆ ಓಡಿದಳು. ಯಜಮಾನ ಬರಿಗಾಲಲ್ಲಿ ಹಿಂದೆ ಓಡಿದ.

ತಿರುವಿನಲ್ಲಿ ಹಾಲಿನ ವ್ಯಾನು ಕ್ಯಾನುಗಳನ್ನು ಏರಿಸಿಕೊಳ್ಳುತ್ತಿತ್ತು. ವ್ಯಾನಿನವನು ಮಾತಿನ ಮಲ್ಲ. "ಏನ್ ಯಜಮಾನ್ರೇ, ಓಟದ ಪಂದ್ಯವಾ? ಸೊಸೆ ಗೆಲ್ತಿದಾಳಲ್ಲ!" ಎಂದವನು ಹತ್ತಿರದಿಂದ ಇಬ್ಬರ ಮುಖ ಕಂಡು ಬಾಯಿ ಮುಚ್ಚಿದ. ವಿಷಯ ಕೇಳಿದ್ದೇ ತುಂಬಿದ ಕ್ಯಾನುಗಳನ್ನು ರಸ್ತೆ ಬದಿಗೆ ಇಳಿಸಿಬಿಟ್ಟ. "ಹಾಲು ಒಡೆದ್ರೆ ಒಡೀಲಿ, ಹತ್ತಿ."

ಪಟ್ಟಣದ ದಾರಿ ಎಂದೂ ಅಷ್ಟು ಉದ್ದವಿರಲಿಲ್ಲ. ಜೋಳ ಹೊತ್ತ ಟ್ರೇಲರುಗಳು ರಸ್ತೆಯ ನಡುವೆಯೇ ಬಸವನ ಹುಳುವಿನಂತೆ ತೆವಳುತ್ತಿದ್ದವು. ವ್ಯಾನಿನವನು ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಗುಬ್ಬಿಗೆ ಇದೆಲ್ಲ ಮೋಜು. ಪ್ರತಿ ಟ್ರೇಲರಿಗೂ ಟಾಟಾ ಮಾಡಿದಳು. ವ್ಯಾನು ಹಳ್ಳಕ್ಕೆ ಬಿದ್ದು ಎದ್ದಾಗಲೆಲ್ಲ ಯಜಮಾನನಿಗೆ ಆ ಪುಟ್ಟ ಹೊಟ್ಟೆಯೊಳಗೆ ಕಪ್ಪು ಚುಕ್ಕೆಗಳು ಸರಸರ ನಡೆದು ಒಂದನ್ನೊಂದು ಹುಡುಕುವುದು ಕಂಡಂತಾಗುತ್ತಿತ್ತು. ತನ್ನ ಸೊಂಟದ ಬೆಲ್ಟಿನ ಬಕಲು ಕಬ್ಬಿಣದ್ದೆಂದು ನೆನಪಾಗಿ, ಎಲ್ಲಿ ಅದು ಸೆಳೆದೀತೋ ಎಂದು ಹೆದರಿ, ಬೆಲ್ಟು ಬಿಚ್ಚಿ ಹಿಂದಕ್ಕೆ ಎಸೆದ. ಹುಚ್ಚು ಯೋಚನೆಯೆಂದು ಗೊತ್ತಿತ್ತು. ಆದರೂ ಎಸೆದ.

"ಹಸಿವು," ಎಂದಿತು ಮಗು. ವ್ಯಾನಿನವನು ಒಂದು ಬಿಸ್ಕತ್ತಿನ ಪೊಟ್ಟಣ ಚಾಚಿದ.

"ಬೇಡ!" ಯಜಮಾನ ಎಷ್ಟು ಜೋರಾಗಿ ಕೂಗಿದನೆಂದರೆ ಮಗುವಿನ ತುಟಿ ಮುರುಟಿತು. "ಮೇಲಿಂದ ಏನಾದ್ರೂ ಬಿದ್ರೆ ಕೆಳಕ್ಕೆ ತಳ್ಳುತ್ತೆ. ಬೇಡಮ್ಮ."

ಮಗು ಅಳತೊಡಗಿತು. ಅದು ಹಸಿವಿನ ಅಳುವೋ ನೋವಿನದೋ ಎಂದು ಯಾರಿಗೂ ತಿಳಿಯಲಿಲ್ಲ. ಸೊಸೆ ಮಾವನ ಕಡೆ ನೋಡಲಿಲ್ಲ. ಮಗುವಿನ ಬೆನ್ನು ತಟ್ಟುತ್ತ ಕಿಟಕಿಯಾಚೆ ದೃಷ್ಟಿ ನೆಟ್ಟಿದ್ದಳು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯ ಹಿಂದೆ ಕೂತಿದ್ದವಳು, "ಏನ್ ನುಂಗಿದೆ ಮಗು?" ಎಂದಳು. "ಇರುವೆ," ಎಂದ ಯಜಮಾನ ಗಾಬರಿಯಲ್ಲಿ. ಅವಳು ನಕ್ಕಳು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಸೊಸೆಯೇ ಮುಂದೆ ಬಂದು ಬಿಡಿಸಿ ಹೇಳಿದಳು. ಅಲ್ಲಿಂದಾಚೆ ಯಾರೂ ನಗಲಿಲ್ಲ.

ಎಕ್ಸ್‌ರೇ ಹಾಳೆಯನ್ನು ಡಾಕ್ಟರಮ್ಮ ಬೆಳಕಿಗೆ ಹಿಡಿದಳು. ಬೂದುಬಣ್ಣದ ಮೋಡದಂಥ ಹೊಟ್ಟೆಯ ನಡುವೆ ನಾಲ್ಕು ಬಿಳಿ ಕಾಳುಗಳು ಪೋಣಿಸಿದ ಹಾಗೆ ಸಾಲಾಗಿದ್ದವು. ಕೆಳಗೆ, ಬಲಕ್ಕೆ, ದೂರದಲ್ಲಿ ಇನ್ನೊಂದು ಒಂಟಿಯಾಗಿತ್ತು.

"ಈ ಸಾಲು ಹೊಟ್ಟೆಯಲ್ಲೇ ಇದೆ, ಬಾಯಿಂದ ಕೊಳವೆ ಇಳಿಸಿ ತೆಗೀಬಹುದು," ಎಂದಳು. "ನಂಗೆ ಭಯ ಇರೋದು ಈ ಒಂಟಿದು. ಇದಾಗ್ಲೇ ಕರುಳಿಗೆ ಇಳಿದಿದ್ರೆ ಹೊಟ್ಟೆ ಕೊಯ್ಯಬೇಕಾಗಬಹುದು. ಒಟ್ಟು ಎಷ್ಟಿದ್ವು?"

"ಗೊತ್ತಿಲ್ಲಮ್ಮ."

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಎಣಿಸಿರಲಿಲ್ಲ ನಾನು," ಎಂದ ಯಜಮಾನ. ಗೋಡೆಗೆ ಒರಗಿದ. ಕೊಯ್ಯಬೇಕಾಗಬಹುದು ಎಂಬ ಮಾತು ತಲೆಯೊಳಗೆ ಗಿರಗಿರ ತಿರುಗುತ್ತಿತ್ತು.

ನರ್ಸು ಮಗುವಿಗೆ ಆಸ್ಪತ್ರೆಯ ಅಂಗಿ ಹಾಕಲೆಂದು ಫ್ರಾಕು ಬಿಚ್ಚತೊಡಗಿದಳು. ಜೇಬಿಗೆ ಹೊಲಿದಿದ್ದ ಒತ್ತುಗುಂಡಿಯ ಹತ್ತಿರ ಅವಳ ಬೆರಳು ನಿಂತಿತು. "ಇದೇನಿದು, ಗುಂಡಿ ಮೇಲೆ ಇನ್ನೊಂದ್ ಗುಂಡಿ?" ಎಂದು ಉಗುರಿನಿಂದ ಕೆರೆದಳು. ಕಪ್ಪು ಚುಕ್ಕೆಯೊಂದು ಎದ್ದು ಅವಳ ಕತ್ತರಿಗೆ ಹಾರಿ ಅಂಟಿತು.

ಮಗುವನ್ನು ಬರಿಮೈಯಲ್ಲಿ ಮತ್ತೆ ಯಂತ್ರದಡಿ ಮಲಗಿಸಿದರು. ಎರಡನೆಯ ಹಾಳೆಯಲ್ಲಿ ಸಾಲು ಮಾತ್ರವಿತ್ತು. ಒಂಟಿ ಕಾಳು ಇರಲಿಲ್ಲ.

"ದಾರಿಯಲ್ಲಿ ತಿನ್ನಲು ಏನೂ ಕೊಟ್ಟಿಲ್ಲ ತಾನೆ?" ಎಂದು ಡಾಕ್ಟರಮ್ಮ ಕೇಳಿದಳು. ಸೊಸೆ ಇಲ್ಲವೆಂದು ತಲೆಯಾಡಿಸಿದಳು. "ಒಳ್ಳೇದಾಯ್ತು," ಎಂದು ಡಾಕ್ಟರಮ್ಮ ಒಳಗೆ ಹೋದಳು. ಅರಿವಳಿಕೆಯ ಮುಸುಕು ಕಂಡು ಗುಬ್ಬಿ "ತಾತಾ!" ಎಂದು ಕೂಗಿದ್ದು ಬಾಗಿಲು ಮುಚ್ಚಿದ ಮೇಲೂ ಕೇಳಿಸಿತು. ಅಮ್ಮನನ್ನು ಕರೆಯಲಿಲ್ಲ, ತಾತನನ್ನು ಕರೆದಳು. ಯಜಮಾನ ಮುಂದೆ ಬಾಗಿ, ತಲೆಯನ್ನು ಮಂಡಿಗಳ ನಡುವೆ ಹುದುಗಿಸಿದ.

ಬಾಗಿಲು ತೆರೆಯುವವರೆಗೆ ಬೆಂಚಿನ ಆ ತುದಿಯಲ್ಲಿ ಸೊಸೆ, ಈ ತುದಿಯಲ್ಲಿ ಮಾವ. ಒಳಗಿಂದ ಏನಾದರೂ ಕಣಕಣ ಸದ್ದು ಬಂದರೆ ಇಬ್ಬರೂ ಒಟ್ಟಿಗೇ ಬೆಚ್ಚುತ್ತಿದ್ದರು.

ಕೊನೆಗೆ ಡಾಕ್ಟರಮ್ಮ ಹೊರಗೆ ಬಂದು ಗಾಜಿನ ಚಿಕ್ಕ ಸೀಸೆಯನ್ನು ಸೊಸೆಯ ಕೈಗಿಟ್ಟಳು. "ಎಲ್ಲಾ ಬಂತು. ಒಳಗೆ ಗಾಯ ಇಲ್ಲ. ಇವತ್ತು ಇಲ್ಲೇ ಇರ್ಲಿ." ಸೊಸೆ ಸೀಸೆಯನ್ನು ನೋಡಲೂ ಇಲ್ಲ, ಮಾವನ ಮಡಿಲಿಗೆ ಹಾಕಿ ಒಳಗೆ ಓಡಿದಳು.

ಗುಬ್ಬಿ ನಿದ್ದೆಯಲ್ಲಿದ್ದಳು. ಯಜಮಾನ ಹೊಸ್ತಿಲು ದಾಟುವ ಧೈರ್ಯವಾಗದೆ ಬಾಗಿಲಲ್ಲೇ ನಿಂತ.

"ಬೈದುಬಿಡಮ್ಮ," ಎಂದ. "ಬಾಯಿಗೆ ಬಂದಿದ್ದೆಲ್ಲಾ ಬೈದುಬಿಡು. ನಂಗೆ ಬರಬೇಕಾದ್ದು ಅದು."

ಸೊಸೆ ಮಗುವಿನ ಕೂದಲಲ್ಲಿದ್ದ ಹೊಟ್ಟಿನ ಚೂರುಗಳನ್ನು ಒಂದೊಂದಾಗಿ ಆಯುತ್ತಿದ್ದಳು. "ಬೈತೀನಿ ಮಾವ. ಬಿಡ್ತೀನಿ ಅಂದ್ಕೋಬೇಡಿ. ಆದ್ರೆ ಇವತ್ತಾಗಲ್ಲ. ನನ್ ಮುಂದೆನೇ ಬಂದು ಹೇಳ್ತು ಕೂಸು. ನಾನು ನಕ್ಕುಬಿಟ್ನಲ್ಲ." ಇನ್ನೊಂದು ಚೂರು ಆಯ್ದಳು. "ನೀವು ಸುಮ್ನಿದ್ದಿದ್ರೆ ನಾನ್ ನಗ್ತಾನೇ ಇರ್ತಿದ್ದೆ."

ಆಮೇಲೆ ಮೆಕ್ಕೆಜೋಳ ಮಾರುಕಟ್ಟೆಗೆ ಹೋಯಿತು, ಹೊಲಗಳನ್ನು ಉತ್ತರು, ಪಂಪುಗಳು ಒಂದೊಂದಾಗಿ ಬಾಯಿ ತೆರೆದವು. ಮಗ ಕೂಗಾಡಿ, ಎರಡು ದಿನ ಮಾತು ಬಿಟ್ಟು, ಸಮಾಧಾನಗೊಂಡ. ಸೊಸೆ ಮಾತ್ರ ಬೈಯಲಿಲ್ಲ. ಯಜಮಾನ ಕಾಯುತ್ತಲೇ ಇದ್ದ. ಅವಳು ಹಿತ್ತಲಿನಿಂದ "ಮಾವ!" ಎಂದು ಕೂಗಿದರೆ ಸಾಕು, ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟು, ಈಗ ಬಂತು ಎಂದು ಎದ್ದು ನಿಲ್ಲುತ್ತಿದ್ದ. ಹೋಗಿ ನೋಡಿದರೆ ನೀರಿನ ನಲ್ಲಿ ಸೋರುತ್ತಿದೆಯೆಂದೋ, ಊಟ ಆರುತ್ತಿದೆಯೆಂದೋ ಹೇಳುತ್ತಿದ್ದಳು.

"ಅಷ್ಟೇನಾ?" ಎಂದು ಒಂದು ದಿನ ಅವನೇ ಕೇಳಿದ.

"ಇನ್ನೇನ್ ಮಾವ?" ಎಂದಳು ಅವಳು, ನೇರವಾಗಿ ಅವನ ಮುಖ ನೋಡುತ್ತ.

ಬೈಗುಳ ಈಗಲಾದರೂ ಬಂದೀತೆಂದು ಅವನು ಅಲ್ಲೇ ನಿಂತಿದ್ದ. ಅವಳು ಅವನ ತಟ್ಟೆಗೆ ಬಡಿಸಲು ಒಳಗೆ ಹೋದಳು.